ಮೊದಲು ಪರೀಕ್ಷೆ, ಆಮೇಲೆ ಪಥ್ಯ: ಸೀಲಿಯಾಕ್ ಕಾಯಿಲೆ ಪತ್ತೆಯಾಗುವ ಬಗೆ

(ಧಾರವಾಡದಲ್ಲಿ ಸಾರ್ವಜನಿಕರಿಗಾಗಿ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಇವತ್ತಿನ ಮಾತಿನಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಂಡು ಮನೆಗೆ ಹೋದರೂ ನನಗೆ ಸಮಾಧಾನ. ಗೋಧಿ ಒಗ್ಗುತ್ತಿಲ್ಲ ಅನ್ನುವ ಅನುಮಾನ ಬಂದರೆ, ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬೇಡಿ.

ಬಹಳ ಜನ ಇದನ್ನು ಉಲ್ಟಾ ಮಾಡಿಕೊಂಡು ಬರುತ್ತಾರೆ. ‘ಡಾಕ್ಟರ್ರ, ಚಪಾತಿ ಬಿಟ್ಟು ಮೂರು ತಿಂಗಳಾತ್ರಿ. ಈಗ ಹೊಟ್ಟಿ ಆರಾಮ ಐತಿ. ಇನ್ನ ಟೆಸ್ಟ್ ಯಾತಕ್ಕರಿ?’ ಅವರಿಗೆ ಆರಾಮ ಆಗಿದ್ದು ಸುಳ್ಳಲ್ಲ. ಆದರೆ ಆ ಹೊತ್ತಿನಲ್ಲಿ ಮಾಡಿದ ಟೆಸ್ಟ್ ನಾರ್ಮಲ್ ಬಂದರೆ ಏನು ತಿಳಿಯಬೇಕು? ಕಾಯಿಲೆ ಇಲ್ಲವೇ ಇಲ್ಲ ಅಂತಲೋ, ಗೋಧಿ ಬಿಟ್ಟಿದ್ದರಿಂದ ಗುರುತು ಅಳಿಸಿಹೋಗಿದೆ ಅಂತಲೋ? ಯಾರಿಗೂ ಹೇಳಲು ಬರುವುದಿಲ್ಲ. ಮತ್ತೆ ಗೋಧಿ ತಿನ್ನಿ ಅಂದರೆ ಅವರು ಒಪ್ಪುವುದಿಲ್ಲ. ಅಲ್ಲಿಗೆ ದಾರಿ ಮುಚ್ಚಿದ ಹಾಗೆಯೇ.

ಮೊದಲು ಈ ಸೀಲಿಯಾಕ್ ಕಾಯಿಲೆ ಏನು ಅಂತ ನೋಡೋಣ. ಹೋಳಿಗೆ ಮಾಡುವಾಗ ಕಣಕ ನಾದಿ ನೆನೆಸಿಡುತ್ತೀರಿ, ಅಲ್ವಾ? ಎಳೆದರೆ ಅದು ಹರಿಯುವುದಿಲ್ಲ, ಹಿಗ್ಗುತ್ತದೆ. ಆ ಹಿಗ್ಗು ಬರುವುದು ಗ್ಲುಟೆನ್ ಎಂಬ ಪ್ರೋಟೀನಿನಿಂದ. ಜೋಳದ ಹಿಟ್ಟಿನಲ್ಲಿ ಅದಿಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು, ರೊಟ್ಟಿಯನ್ನು ಕೈಯಿಂದ ಬಡಿಯಬೇಕು. ಗೋಧಿ, ಬಾರ್ಲಿ, ರೈ ಈ ಮೂರು ಕಾಳುಗಳ ಇಂಥ ಪ್ರೋಟೀನ್ ಕೆಲವರ ದೇಹಕ್ಕೆ ಆಗಿಬರುವುದಿಲ್ಲ. ಅದು ಹೊಟ್ಟೆಗೆ ಹೋದಾಗೆಲ್ಲ ಅವರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ.

ಸಣ್ಣ ಕರುಳಿನ ಒಳಗೋಡೆಯ ತುಂಬ ಒಂದು ಮಿಲಿಮೀಟರ್‌ಗಿಂತ ಗಿಡ್ಡನೆಯ, ಬೆರಳಿನಾಕಾರದ ಎಳೆಗಳು ಒತ್ತಾಗಿ ಎದ್ದು ನಿಂತಿರುತ್ತವೆ. ವಿಲ್ಲೈ ಅಂತ ಅವುಗಳ ಹೆಸರು. ಉಂಡದ್ದರ ಸಾರ ರಕ್ತಕ್ಕೆ ಸೇರುವುದು ಇವುಗಳ ಮೂಲಕ. ಸೀಲಿಯಾಕ್ ಕಾಯಿಲೆಯಲ್ಲಿ ಇವು ಸವೆದು, ಗಿಡ್ಡಾಗಿ, ಕೊನೆಗೆ ಮಾಯವಾಗುತ್ತವೆ. ನವಲಗುಂದದ ಕಡೆ ಎದೆಮಟ್ಟ ನಿಂತ ಜೋಳದ ಹೊಲವನ್ನೂ, ಕಟಾವಾದ ಮೇಲಿನ ಅದೇ ಹೊಲವನ್ನೂ ನೀವು ನೋಡಿದ್ದೀರಿ. ಸೂಕ್ಷ್ಮದರ್ಶಕದ ಕೆಳಗೆ ಒಳ್ಳೆಯ ಕರುಳಿಗೂ ಈ ಕರುಳಿಗೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು.

ಇದು ಅಲರ್ಜಿ ಅಲ್ಲ. ಗೋಧಿ ಅಲರ್ಜಿ ಇರುವವರಿಗೆ ತಿಂದ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು ಏಳಬಹುದು, ತುಟಿ ಊದಬಹುದು. ಅದರ ಪರೀಕ್ಷೆ ಬೇರೆ, ಚಿಕಿತ್ಸೆಯೂ ಬೇರೆ. ಸೀಲಿಯಾಕ್ ಒಳಗೊಳಗೇ ವರ್ಷಗಟ್ಟಲೆ ನಡೆಯುವ ಕಾಯಿಲೆ.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ‘ಗೋಧಿ ಬಿಟ್ಟೆ, ಆರಾಮ ಆಯಿತು, ಇನ್ನೇನು ಬೇಕು’ ಅನ್ನುವವರಿಗೆ ಇದರಲ್ಲಿ ಉತ್ತರವಿದೆ.

1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮುಯೆಲ್ ಗೀ ಈ ಕಾಯಿಲೆಯ ಮಕ್ಕಳ ಬಗ್ಗೆ ಬರೆದರು. ಉಬ್ಬಿದ ಹೊಟ್ಟೆ, ಬಡಕಲು ಕೈಕಾಲು, ನಿಲ್ಲದ ಭೇದಿ. ವಾಸಿಯಾಗುವುದಿದ್ದರೆ ಅದು ಆಹಾರದಿಂದಲೇ ಅಂತ ಅವರು ಆಗಲೇ ಊಹಿಸಿದ್ದರು. ಆದರೆ ಯಾವ ಆಹಾರ ಬಿಡಬೇಕು ಅನ್ನುವುದು ಹೊಳೆದಿರಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯರು ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟರು. ಮಕ್ಕಳು ಚೇತರಿಸಿಕೊಂಡರು. ಬಾಳೆಹಣ್ಣೇ ಔಷಧಿ ಅಂತ ಎಷ್ಟೋ ವರ್ಷ ನಂಬಲಾಯಿತು. ಆ ಪಥ್ಯದಲ್ಲಿ ಬ್ರೆಡ್ಡೂ ಇರಲಿಲ್ಲ, ಕಾಳುಕಡಿಗಳೂ ಇರಲಿಲ್ಲ. ಗುಣ ಬಂದದ್ದು ಬಿಟ್ಟಿದ್ದರಿಂದ. ಹೆಸರು ಬಂದದ್ದು ತಿಂದದ್ದಕ್ಕೆ.

ನಿಜವಾದ ಕಾರಣ ಹಿಡಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಗೋಧಿಯ ಮೇಲೆ ಅವರಿಗೆ ಎರಡನೇ ಮಹಾಯುದ್ಧಕ್ಕೆ ಮೊದಲೇ ಅನುಮಾನ ಇತ್ತು. 1944-45ರ ಚಳಿಗಾಲದಲ್ಲಿ ಆ ದೇಶದಲ್ಲಿ ಭೀಕರ ಬರಗಾಲ ಬಿತ್ತು. ಬ್ರೆಡ್ ಸಿಗದ ಆ ದಿನಗಳಲ್ಲಿ ಎಲ್ಲರೂ ಸೊರಗುತ್ತಿದ್ದರೆ ಸೀಲಿಯಾಕ್ ಮಕ್ಕಳು ಸುಧಾರಿಸಿದರು. ಬ್ರೆಡ್ ವಾಪಸ್ ಬಂತು, ಕಾಯಿಲೆಯೂ ವಾಪಸ್ ಬಂತು. ಡಿಕೆ ಇದನ್ನು ನೋಡಿ ಸುಮ್ನೆ ತೀರ್ಮಾನಕ್ಕೆ ಬರಲಿಲ್ಲ. ಮಕ್ಕಳ ಊಟದಲ್ಲಿ ಗೋಧಿ ಇಟ್ಟು ನೋಡಿದರು, ತೆಗೆದು ನೋಡಿದರು. ಅವರೂ ಅವರ ಸಂಗಡಿಗರೂ ಮಕ್ಕಳ ಮಲದಲ್ಲಿ ಜೀರ್ಣವಾಗದೆ ಹೋಗುವ ಕೊಬ್ಬನ್ನು ಅಳೆದರು. 1950ರಲ್ಲಿ ಡಿಕೆ ಅವರ ಪ್ರಬಂಧ ಬಂತು. ಬಾಳೆಹಣ್ಣಿನ ವೈದ್ಯರಿಗೂ ಇವರಿಗೂ ಇರುವ ವ್ಯತ್ಯಾಸ ಈ ಅಳತೆಯಲ್ಲಿದೆ. ಅದಕ್ಕೇ ಈ ಮನುಷ್ಯನ ಮೇಲೆ ನನಗೆ ಬಹಳ ಗೌರವ.

ಈಗ ನಮ್ಮ ಕಡೆಗೆ ಬರೋಣ. ಇದು ಪಂಜಾಬಿನವರ ಕಾಯಿಲೆ, ನಮಗಲ್ಲ ಅನ್ನುವ ಮಾತು ಕೇಳಿರುತ್ತೀರಿ. ಪೂರ್ತಿ ಸುಳ್ಳೂ ಅಲ್ಲ, ನಂಬಿ ಕೂರುವಂಥದ್ದೂ ಅಲ್ಲ. 2016ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ 1.23 ಜನರಿಗೆ ಈ ಕಾಯಿಲೆ ಇತ್ತು, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಬರೀ 0.10. ಆದರೆ ಕಾಯಿಲೆಗೆ ಬೇಕಾದ ಜೀನ್ ಮಾತ್ರ ಮೂರೂ ಕಡೆ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಇತ್ತು. ತಿನ್ನುವ ಗೋಧಿಯ ಪ್ರಮಾಣದಲ್ಲಿ ಭಾರಿ ಅಂತರ ಇತ್ತು. ನಮ್ಮ ಧಾರವಾಡ, ಗದಗ, ಹಾವೇರಿ ಅಕ್ಕಿ ಉಣ್ಣುವ ನಾಡೂ ಅಲ್ಲ, ಪಂಜಾಬೂ ಅಲ್ಲ. ಜೋಳದ ರೊಟ್ಟಿ ಇದೆ. ಅದರ ಜೊತೆಗೆ ಚಪಾತಿ, ಗೋಧಿ ಹುಗ್ಗಿ, ಮಾದಲಿ, ಶಾವಿಗೆ ಪಾಯಸ ಇವೆ. ಬೆಳಿಗ್ಗೆ ರವೆ ಉಪ್ಪಿಟ್ಟು, ಮಧ್ಯಾಹ್ನ ಚಹಾದ ಜೊತೆ ಬಿಸ್ಕೀಟು. ನಮ್ಮ ಅಜ್ಜಿಯರ ಕಾಲಕ್ಕೆ ಹೋಲಿಸಿದರೆ ಜೋಳ ಕಡಿಮೆಯಾಗಿದೆ, ಗೋಧಿ ಜಾಸ್ತಿಯಾಗಿದೆ.

ಒಬ್ಬ ಹುಡುಗಿಯ ಉದಾಹರಣೆ ಕೊಡುತ್ತೇನೆ. ಗುರುತು ಸಿಗಬಾರದು ಅಂತ ವಿವರ ಬದಲಿಸಿದ್ದೇನೆ. ಗದಗ ಜಿಲ್ಲೆಯ ಒಂದು ಹಳ್ಳಿಯವಳು. ಮನೆಯಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ. ಪಿಯುಸಿಗೆ ಧಾರವಾಡದ ಹಾಸ್ಟೆಲ್ಲಿಗೆ ಬಂದಳು. ಬೆಳಿಗ್ಗೆ ಉಪ್ಪಿಟ್ಟೋ ಪೂರಿಯೋ, ರಾತ್ರಿ ಚಪಾತಿ. ಒಂದು ವರ್ಷದೊಳಗೆ ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಬಾಯಲ್ಲಿ ಪದೇಪದೇ ಹುಣ್ಣು. ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. ತಿಂಗಳುಗಟ್ಟಲೆ ನುಂಗಿದರೂ ಹಿಮೋಗ್ಲೋಬಿನ್ ಏರಲಿಲ್ಲ. ‘ಮಾತ್ರೆ ಸರಿಯಾಗಿ ತಗೋಳಂಗಿಲ್ಲ ಇಕಿ’ ಅಂತ ತಾಯಿ ಬೈದರು. ಅವಳು ತಪ್ಪದೆ ತೆಗೆದುಕೊಳ್ಳುತ್ತಿದ್ದಳು. ಕಬ್ಬಿಣದ ಅಂಶ ಜಾಸ್ತಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಈ ಕಾಯಿಲೆ ಮೊದಲು ಹಾಳು ಮಾಡುವುದೂ ಅದೇ ಭಾಗವನ್ನು.

ಒಂದು ವಿಷಯ ಗಮನಿಸಿ. ಅವಳಿಗೆ ಭೇದಿ ಇರಲೇ ಇಲ್ಲ. ಸೀಲಿಯಾಕ್ ಅಂದರೆ ಭೇದಿ ಅಂತ ಪುಸ್ತಕ ಓದಿದವರೂ ತಿಳಿದುಕೊಂಡಿರುತ್ತಾರೆ. ದೊಡ್ಡವರಲ್ಲಿ ಎಷ್ಟೋ ಸಲ ಹೊಟ್ಟೆಯ ತಕರಾರೇ ಇರುವುದಿಲ್ಲ. ನಮ್ಮ ರಾಜ್ಯದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಅಂತ ಸರ್ಕಾರದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಅವರೆಲ್ಲರಿಗೂ ಸೀಲಿಯಾಕ್ ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನವರಿಗೆ ಕಾರಣ ಬೇರೆಯೇ. ಆದರೆ ಸರಿಯಾಗಿ ಮಾತ್ರೆ ತೆಗೆದುಕೊಂಡರೂ ರಕ್ತ ಏರದಿದ್ದರೆ, ಅಲ್ಲಿ ನಿಂತು ಯೋಚಿಸಬೇಕು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಮಗು, ತಡವಾಗಿ ಮೈನೆರೆಯುವ ಹುಡುಗಿ, ಮೇಲಿಂದ ಮೇಲೆ ಗರ್ಭಪಾತ, ಚಿಕ್ಕ ವಯಸ್ಸಿನಲ್ಲೇ ಮೂಳೆ ಸವೆತ, ಕಾರಣ ಸಿಗದೆ ಏರುಪೇರಾದ ಲಿವರ್ ಟೆಸ್ಟ್, ಮೊಣಕೈ ಮೊಣಕಾಲಿನ ಮೇಲೆ ವಿಪರೀತ ತುರಿಸುವ ಸಣ್ಣ ಗುಳ್ಳೆ, ಇವುಗಳಲ್ಲೂ ಹಾಗೆಯೇ. ಟೈಪ್ 1 ಸಕ್ಕರೆ ಕಾಯಿಲೆ, ಥೈರಾಯ್ಡ್‌ನ ಆಟೋಇಮ್ಯೂನ್ ತೊಂದರೆ (ರಕ್ಷಣಾ ವ್ಯವಸ್ಥೆ ತನ್ನದೇ ಅಂಗದ ಮೇಲೆ ತಿರುಗಿಬೀಳುವುದು), ಡೌನ್ ಸಿಂಡ್ರೋಮ್ ಇರುವವರಲ್ಲಿ ಇದು ಉಳಿದವರಿಗಿಂತ ಜಾಸ್ತಿ.

ಸರಿ, ಅನುಮಾನ ಬಂತು. ಮುಂದೇನು?

ಮೊದಲನೆಯದು ರಕ್ತ ಪರೀಕ್ಷೆ. ಟಿಟಿಜಿ ಐಜಿಎ ಅಂತ ಚೀಟಿಯಲ್ಲಿ ಬರೆದಿರುತ್ತಾರೆ. ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಅನ್ನುವುದು ನಮ್ಮ ಮೈಯಲ್ಲಿರುವ ಒಂದು ಕಿಣ್ವ. ಸೀಲಿಯಾಕ್ ಇದ್ದವರ ದೇಹ ಅದರ ಮೇಲೆ ಆಂಟಿಬಾಡಿ, ಅಂದರೆ ರೋಗಾಣುಗಳ ವಿರುದ್ಧ ಹೋರಾಡಬೇಕಾದ ಪ್ರೋಟೀನ್, ತಯಾರಿಸುತ್ತದೆ ಅಂತ 1997ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿಕೊಟ್ಟರು. ಆ ಕಿಣ್ವವೇ ಟಿಟಿಜಿ, ಐಜಿಎ ಅನ್ನುವುದು ಆಂಟಿಬಾಡಿಯ ಒಂದು ಬಗೆ. ಆ ಆಂಟಿಬಾಡಿಯನ್ನು ಅಳೆಯುವ ಪರೀಕ್ಷೆ ಇದು. ಇದರ ಜೊತೆಗೇ ಒಟ್ಟು ಐಜಿಎ ಎಷ್ಟಿದೆ ಅಂತಲೂ ನೋಡಬೇಕು. ಈ ಎರಡನೆಯದನ್ನು ಎಷ್ಟೋ ಕಡೆ ಬಿಟ್ಟುಬಿಡುತ್ತಾರೆ, ನೀವೇ ಕೇಳಿ ಮಾಡಿಸಿಕೊಳ್ಳಿ. ಯಾಕೆಂದರೆ ಸೀಲಿಯಾಕ್ ಇರುವ ನೂರು ಜನರಲ್ಲಿ ಎರಡು ಮೂರು ಜನರ ದೇಹ ಐಜಿಎಯನ್ನೇ ಸರಿಯಾಗಿ ತಯಾರಿಸುವುದಿಲ್ಲ. ಅಂಥವರಲ್ಲಿ ಟಿಟಿಜಿ ಐಜಿಎ ನಾರ್ಮಲ್ ಅಂತಲೇ ಬರುತ್ತದೆ, ಕರುಳು ಹಾಳಾಗಿದ್ದರೂ. ಅವರಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಆಂಟಿಬಾಡಿಯ ಆಧಾರದ ಬೇರೆ ಪರೀಕ್ಷೆ ಮಾಡಬೇಕು.

ರಿಪೋರ್ಟ್ ಬಂದಾಗ ಪಾಸಿಟಿವ್, ನೆಗೆಟಿವ್ ಅನ್ನುವ ಪದ ಮಾತ್ರ ನೋಡಬೇಡಿ. ಸಂಖ್ಯೆ ನೋಡಿ, ಪಕ್ಕದಲ್ಲಿ ಆ ಲ್ಯಾಬು ಕೊಟ್ಟಿರುವ ಮಿತಿಯನ್ನೂ ನೋಡಿ. ಮಿತಿ 20 ಇದ್ದು ನಿಮ್ಮದು 26 ಬಂದರೆ ಅದೊಂದು ಕಥೆ, 260 ಬಂದರೆ ಅದೇ ಬೇರೆ ಕಥೆ. ಅಲ್ಪಸ್ವಲ್ಪ ಏರಿಕೆ ಲಿವರ್ ಕಾಯಿಲೆಯಲ್ಲೂ ಬರಬಹುದು, ಯಾವುದೋ ಸೋಂಕಿನಲ್ಲೂ ಬರಬಹುದು. ಹತ್ತು ಪಟ್ಟು ದಾಟಿತೆಂದರೆ ಅನುಮಾನಕ್ಕೆ ಜಾಗ ತೀರ ಕಡಿಮೆ. ಲ್ಯಾಬಿನಿಂದ ಲ್ಯಾಬಿಗೆ ಮಿತಿ ಬದಲಾಗುತ್ತದೆ. ಹುಬ್ಬಳ್ಳಿಯ ರಿಪೋರ್ಟನ್ನೂ ಬೆಂಗಳೂರಿನ ರಿಪೋರ್ಟನ್ನೂ ಪಕ್ಕಪಕ್ಕ ಇಟ್ಟು ‘ಕಡಿಮೆ ಆಗೇತಿ’ ಅಂದುಕೊಳ್ಳಬೇಡಿ.

ಗೋಧಿ ಬಿಡಬೇಡಿ ಅಂದೆನಲ್ಲ, ಅದರ ಕಾರಣ ಈಗ ಸ್ಪಷ್ಟವಾಗಿರಬೇಕು. ಗ್ಲುಟೆನ್ ಒಳಗೆ ಹೋದರೆ ಆಂಟಿಬಾಡಿ. ಗ್ಲುಟೆನ್ ನಿಂತರೆ ಆಂಟಿಬಾಡಿ ನಿಧಾನವಾಗಿ ಇಳಿಯುತ್ತದೆ, ಕರುಳೂ ಮೆಲ್ಲಗೆ ಸರಿಹೋಗುತ್ತದೆ. ಆಮೇಲೆ ಹುಡುಕಿದರೆ ಏನು ಸಿಗಬೇಕು? ಪರೀಕ್ಷೆಗೆ ಮೊದಲು ಕಡಿಮೆ ಅಂದರೂ ಆರು ವಾರ, ದಿನಾಲೂ ಒಂದಕ್ಕಿಂತ ಹೆಚ್ಚು ಹೊತ್ತಿನ ಊಟದಲ್ಲಿ ಗ್ಲುಟೆನ್ ಇರಬೇಕು ಅಂತ ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ನಮ್ಮಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ದಿನವಿಡೀ ಜೋಳದ ರೊಟ್ಟಿ ಉಂಡು ಹಬ್ಬಕ್ಕೆ ಮಾತ್ರ ಹೋಳಿಗೆ ತಿನ್ನುವವರ ರಿಪೋರ್ಟ್ ನಾರ್ಮಲ್ ಬಂದರೆ ಪೂರ್ತಿ ನಂಬುವ ಹಾಗಿಲ್ಲ. ನೀವು ನಿಜವಾಗಿ ಏನು ಉಣ್ಣುತ್ತೀರಿ ಅಂತ ವೈದ್ಯರು ಕೇಳಬೇಕು, ಕೇಳದಿದ್ದರೆ ನೀವೇ ಹೇಳಬೇಕು. ಈಗಾಗಲೇ ಗೋಧಿ ಬಿಟ್ಟವರು ಮತ್ತೆ ಶುರು ಮಾಡುವುದಿದ್ದರೆ ವೈದ್ಯರನ್ನು ಕೇಳಿಯೇ ಮಾಡಿ, ಮಕ್ಕಳ ವಿಷಯದಲ್ಲಂತೂ ಇನ್ನೂ ಜಾಗ್ರತೆ.

ಎರಡನೆಯದು ಎಂಡೋಸ್ಕೋಪಿ ಮತ್ತು ಬಯಾಪ್ಸಿ. ಹೆಸರು ಕೇಳಿ ಹೆದರುತ್ತಾರೆ. ಬಯಾಪ್ಸಿ ಅಂದರೆ ಕ್ಯಾನ್ಸರ್ ಅಂತಲೇ ಮನೆಯವರು ಅಳುವುದನ್ನು ನೋಡಿದ್ದೇನೆ. ಇಲ್ಲಿ ಕ್ಯಾನ್ಸರಿನ ಮಾತಿಲ್ಲ. ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆ, ಗಂಟಲಿಗೆ ಮರಗಟ್ಟಿಸುವ ಸ್ಪ್ರೇ, ಬಾಯಿಯ ಮೂಲಕ ತೆಳ್ಳಗಿನ ನಳಿಕೆ. ಜಠರ ದಾಟಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಹೋಗಿ ಪುಟ್ಟ ಚಿಮಟದಿಂದ ಚೂರು ತೆಗೆಯುತ್ತಾರೆ. ತೆಗೆಯುವುದು ಗೊತ್ತೂ ಆಗುವುದಿಲ್ಲ. 1950ರ ದಶಕದಲ್ಲಿ ಇದಕ್ಕೆ ಒಂದು ಲೋಹದ ಗುಳಿಗೆಯನ್ನು ದಾರದಂಥ ನಳಿಕೆಗೆ ಕಟ್ಟಿ ನುಂಗಿಸಿ, ಅದು ಕರುಳಿಗೆ ಇಳಿಯಲಿ ಅಂತ ಗಂಟೆಗಟ್ಟಲೆ ಕಾಯುತ್ತಿದ್ದರು. ಸಣ್ಣ ಮಕ್ಕಳಿಗೂ ಹಾಗೆಯೇ. ಆ ಲೆಕ್ಕದಲ್ಲಿ ಇವತ್ತಿನದು ಬಹಳ ಹಗುರ.

ಒಂದೇ ಚೂರು ಸಾಲುವುದಿಲ್ಲ. ಕಾಯಿಲೆ ಕರುಳಿನ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಅಲ್ಲಲ್ಲಿ ಇರುತ್ತದೆ. ಅದಕ್ಕೇ ಕನಿಷ್ಠ ನಾಲ್ಕು ಚೂರು, ಜೊತೆಗೆ ಜಠರ ಮುಗಿದು ಸಣ್ಣ ಕರುಳು ಶುರುವಾಗುವ ಜಾಗದಿಂದ ಒಂದೆರಡು. ನಳಿಕೆಯಲ್ಲಿ ನೋಡಿದಾಗ ಕರುಳಿನ ಮಡಿಕೆಗಳ ಅಂಚು ಗರಗಸದ ಹಾಗೆ ಕಾಣಬಹುದು. ಏನೂ ಕಾಣದೆಯೂ ಇರಬಹುದು. ನೋಡಲು ಚೆನ್ನಾಗಿದೆ ಅಂತ ಚೂರು ತೆಗೆಯದೆ ವಾಪಸ್ ಬಂದರೆ ಎಂಡೋಸ್ಕೋಪಿ ಮಾಡಿದ ಉಪಯೋಗ ಅರ್ಧ ಹೋಯಿತು.

ಆ ಚೂರುಗಳು ಎರಡು ಮೂರು ಮಿಲಿಮೀಟರ್ ಇರುತ್ತವೆ. ಸಿಕ್ಕ ಹಾಗೆ ಬಾಟಲಿಗೆ ಹಾಕಿದರೆ ಸುರುಳಿಯಾಗಿಬಿಡುತ್ತವೆ. ಆಮೇಲೆ ಅವನ್ನು ಕೊಯ್ದರೆ ವಿಲ್ಲೈ ಓರೆಯಾಗಿ ಕತ್ತರಿಸಿ, ಉದ್ದ ಇದ್ದದ್ದೂ ಗಿಡ್ಡ ಕಾಣುತ್ತದೆ. ಅದಕ್ಕೇ ಕೆಲವು ಕಡೆ ಸೋಸುವ ಕಾಗದದ ಚೂರಿನ ಮೇಲೆ ಒಂದೊಂದನ್ನೂ ಸೂಜಿಯಿಂದ ಬಿಡಿಸಿ, ಒಳಮೈ ಮೇಲೆ ಬರುವ ಹಾಗೆ ಹರಡಿ, ಆಮೇಲೆ ಚೂರು ಕೆಡದಂತೆ ಕಾಯುವ ಫಾರ್ಮಲಿನ್‌ಗೆ ಇಳಿಸುತ್ತಾರೆ. ಒಂದೆರಡು ನಿಮಿಷದ ಕೆಲಸ. ಒಬ್ಬ ಮನುಷ್ಯ ಜೀವನಪೂರ್ತಿ ಪಥ್ಯ ಮಾಡಬೇಕೋ ಬೇಡವೋ ಅನ್ನುವುದು ಎಷ್ಟೋ ಸಲ ಈ ಕೆಲಸದ ಮೇಲೆ ನಿಂತಿರುತ್ತದೆ. ಅದನ್ನು ಶ್ರದ್ಧೆಯಿಂದ ಮಾಡುವ ನರ್ಸ್‌ಗಳಿಗೂ ಟೆಕ್ನಿಷಿಯನ್‌ಗಳಿಗೂ ನಾನು ಕೈಮುಗಿಯುತ್ತೇನೆ.

ಈ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪೆಥಾಲಜಿಸ್ಟ್ ನೋಡುವುದು ಮುಖ್ಯವಾಗಿ ಮೂರು. ವಿಲ್ಲೈ ಎಷ್ಟು ಉದ್ದ, ಅವುಗಳ ಬುಡದ ಕುಳಿ ಎಷ್ಟು ಆಳ, ಮೇಲ್ಪದರದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಎಷ್ಟು ತುಂಬಿವೆ. ಸಾಮಾನ್ಯವಾಗಿ ವಿಲ್ಲೈ ಕುಳಿಗಿಂತ ಮೂರು ಪಟ್ಟಾದರೂ ಉದ್ದ ಇರಬೇಕು. ಲಿಂಫೋಸೈಟ್‌ಗಳು ನೂರು ಕಣಕ್ಕೆ 25 ದಾಟಬಾರದು. ಇದನ್ನೆಲ್ಲ ಸೇರಿಸಿ ಮಾರ್ಷ್ 1, 2, 3 ಅಂತ ದರ್ಜೆ ಕೊಡುತ್ತಾರೆ. ಮೂರರಲ್ಲೇ ಎ, ಬಿ, ಸಿ ಇದೆ, ಸಿ ಅಂದರೆ ಪೂರ್ತಿ ಸವೆದಿದೆ ಅಂತ. ಬರೀ ಮಾರ್ಷ್ 1 ಬಂತು ಅಂತ ಹೆದರಬೇಡಿ. ನೋವಿನ ಮಾತ್ರೆ ಜಾಸ್ತಿ ನುಂಗುವವರಲ್ಲೂ, ಜಠರದಲ್ಲಿ ಎಚ್. ಪೈಲೋರಿ ಸೋಂಕು ಇದ್ದವರಲ್ಲೂ ಅದು ಕಾಣುತ್ತದೆ.

ಮಕ್ಕಳ ವಿಷಯದಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. ಟಿಟಿಜಿ ಹತ್ತು ಪಟ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದು, ಇನ್ನೊಂದು ಸಲ ತೆಗೆದ ರಕ್ತದಲ್ಲಿ ಇಎಂಎ ಎಂಬ ಇನ್ನೊಂದು ಆಂಟಿಬಾಡಿ ಪರೀಕ್ಷೆಯೂ ಪಾಸಿಟಿವ್ ಬಂದರೆ ಬಯಾಪ್ಸಿ ಇಲ್ಲದೆಯೂ ಸೀಲಿಯಾಕ್ ಅಂತ ಹೇಳಬಹುದು. ಯುರೋಪಿನ ಮಕ್ಕಳ ತಜ್ಞರ ಸಂಘ 2012ರಲ್ಲಿ ಈ ದಾರಿ ತೆರೆಯಿತು, 2020ರಲ್ಲಿ ಇನ್ನಷ್ಟು ಸರಳ ಮಾಡಿತು. ದೊಡ್ಡವರಿಗೆ ನಮ್ಮಲ್ಲಿ ಈಗಲೂ ಬಯಾಪ್ಸಿಯೇ ರೂಢಿ. ಅದಕ್ಕೆ ಕಾರಣವೂ ಇದೆ. ನಮ್ಮ ದೇಶದಲ್ಲಿ ವಿಲ್ಲೈ ಸವೆಯುವುದಕ್ಕೆ ಸೀಲಿಯಾಕ್ ಒಂದೇ ಕಾರಣ ಅಲ್ಲ. ಟ್ರಾಪಿಕಲ್ ಸ್ಪ್ರೂ ಎಂಬ ಇನ್ನೊಂದು ಕರುಳಿನ ಕಾಯಿಲೆ ಇದೆ, ಜಿಯಾರ್ಡಿಯಾ ಎಂಬ ಪರಾವಲಂಬಿ ಇದೆ. ಬಿಪಿಗೆ ಕೊಡುವ ಓಲ್ಮೆಸಾರ್ಟನ್ ಎಂಬ ಮಾತ್ರೆಯಿಂದಲೂ ಅಪರೂಪಕ್ಕೆ ಹೀಗಾಗುತ್ತದೆ. ಮಾತ್ರೆ ಬದಲಿಸಿದರೆ ಕರುಳು ಸರಿಹೋಗುತ್ತದೆ. ಅಂಥವರಿಗೆ ಜೀವನಪೂರ್ತಿ ಗೋಧಿ ಬಿಡಿಸಿದರೆ ಎಷ್ಟು ಅನ್ಯಾಯ! ಅದಕ್ಕೇ ರಕ್ತದ ರಿಪೋರ್ಟೂ ಬಯಾಪ್ಸಿಯೂ ಒಂದಕ್ಕೊಂದು ಹೊಂದಬೇಕು. ವೈದ್ಯರ ಹತ್ತಿರ ಹೋಗುವಾಗ ನುಂಗುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ.

ಜೀನ್ ಪರೀಕ್ಷೆ ಬಗ್ಗೆ ಕೇಳುತ್ತೀರಿ. ಈ ಕಾಯಿಲೆಗೆ ಬೇಕಾದ ಜೀನ್ ಡಿಕ್ಯೂ2, ಡಿಕ್ಯೂ8 ಅಂತ ಎರಡು. ಇವು ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ. ಈ ಸಭೆಯಲ್ಲೇ ಮೂರರಲ್ಲಿ ಒಬ್ಬರಿಗೆ ಇರಬಹುದು. ಆದರೆ ಎರಡೂ ಇಲ್ಲದಿದ್ದರೆ ಸೀಲಿಯಾಕ್ ಅಲ್ಲ ಅಂತ ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಇನ್ನು ಕೂದಲು ಕಳಿಸಿ, ನೂರಾರು ಆಹಾರಗಳ ಐಜಿಜಿ ಪಟ್ಟಿ ತರಿಸಿಕೊಳ್ಳಿ ಅನ್ನುವ ಜಾಹೀರಾತು ಬರುತ್ತವಲ್ಲ, ಅವುಗಳಿಂದ ಸೀಲಿಯಾಕ್ ಪತ್ತೆಯಾಗುವುದಿಲ್ಲ. ದುಡ್ಡು ಹೋಗುತ್ತದೆ, ಅಷ್ಟೇ.

ಆ ಹುಡುಗಿಯ ಟಿಟಿಜಿ ಮಿತಿಯ ಹತ್ತಾರು ಪಟ್ಟು ಇತ್ತು, ಬಯಾಪ್ಸಿಯಲ್ಲಿ ಮಾರ್ಷ್ 3ಬಿ. ಗೋಧಿ ಪೂರ್ತಿ ನಿಲ್ಲಿಸಿದೆವು. ಅವಳ ಪುಣ್ಯಕ್ಕೆ ಮನೆಯಲ್ಲಿ ಜೋಳ, ಸಜ್ಜೆ, ಅಕ್ಕಿ ಎಲ್ಲ ಇತ್ತು. ಆದರೂ ಆರು ತಿಂಗಳಾದ ಮೇಲೆ ಟಿಟಿಜಿ ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಏನು ಉಣ್ಣುತ್ತಾಳೆ ಅಂತ ಕೂತು ಒಂದೊಂದೇ ಕೇಳಿದಾಗ ಗಿರಣಿಯ ವಿಷಯ ಬಂತು. ಊರಿಗೆ ಒಂದೇ ಗಿರಣಿ. ಅವರ ಮುಂದಿನವರು ಗೋಧಿ ಹಾಕಿಸುತ್ತಾರೆ, ಅದೇ ಕಲ್ಲಿಗೆ ಇವರ ಜೋಳ ಬೀಳುತ್ತದೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ ನಿಂತ ಗೋಧಿ ಹಿಟ್ಟೆಲ್ಲ ಜೋಳದ ಜೊತೆ ಡಬ್ಬಿಗೆ ಬರುತ್ತದೆ. ಗ್ಲುಟೆನ್ ಇಲ್ಲ ಅಂತ ಪೊಟ್ಟಣದ ಮೇಲೆ ಬರೆಯಬೇಕಾದರೆ ನಮ್ಮ ದೇಶದ ನಿಯಮದ ಪ್ರಕಾರ ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಗಿರಣಿಯ ಹಿಟ್ಟಿಗೆ ಆ ಲೆಕ್ಕ ಯಾರು ಇಡುತ್ತಾರೆ? ಮನೆಗೇ ಸಣ್ಣ ಗಿರಣಿ ತಂದರು. ಇಂಗಿನ ಡಬ್ಬಿಯನ್ನೂ ಬದಲಿಸಿದರು, ಅಂಗಡಿಯ ಎಷ್ಟೋ ಇಂಗಿನಲ್ಲಿ ಮೈದಾ ಬೆರೆತಿರುತ್ತದೆ. ಮುಂದಿನ ಪರೀಕ್ಷೆಯಲ್ಲಿ ಸಂಖ್ಯೆ ಇಳಿಯಿತು, ಹಿಮೋಗ್ಲೋಬಿನ್ ಏರಿತು.

ಸದಕ ಗೋಧಿ, ಅಂದರೆ ಖಪಲಿ, ತಿನ್ನಬಹುದಾ ಅಂತ ಇಲ್ಲಿ ಯಾವಾಗಲೂ ಕೇಳುತ್ತಾರೆ. ಕೇಳುವುದು ಸಹಜ. ಇದು ನಮ್ಮ ಭಾಗದ ಹೆಮ್ಮೆಯ ಗೋಧಿ, ನಮ್ಮ ಕೃಷಿ ವಿಶ್ವವಿದ್ಯಾಲಯವೇ ಅದರ ತಳಿಗಳನ್ನು ಕೊಟ್ಟಿದೆ. ಸಕ್ಕರೆ ಕಾಯಿಲೆಯವರೂ ಇಷ್ಟಪಡುತ್ತಾರೆ. ಆದರೆ ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಸೀಲಿಯಾಕ್ ಇದ್ದವರಿಗೆ ಬೇಡ. ಪೇಡೆ ತಿನ್ನಬಹುದಾ ಅಂದರೆ, ಹಾಲು ಸಕ್ಕರೆಯಿಂದ ಮಾಡಿದ ಪೇಡೆಯಲ್ಲಿ ಗ್ಲುಟೆನ್ ಇಲ್ಲ. ಬೇರೆ ಹಿಟ್ಟೇನಾದರೂ ಬೆರೆಸಿದ್ದಾರಾ ಅಂತ ಕೇಳಿಕೊಂಡರೆ ಆಯಿತು.

ಕೊನೆಗೆ ಮನೆಯವರ ಮಾತು. ಒಬ್ಬರಿಗೆ ಸೀಲಿಯಾಕ್ ಅಂತ ಗೊತ್ತಾದರೆ ಅವರ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ಟಿಟಿಜಿ ಮಾಡಿಸಬೇಕು, ಏನೂ ತೊಂದರೆ ಇಲ್ಲದಿದ್ದರೂ. ಇಂಥ ಹತ್ತಿರದ ರಕ್ತಸಂಬಂಧಿಗಳಲ್ಲಿ ಹತ್ತರಿಂದ ಇಪ್ಪತ್ತು ಜನಕ್ಕೆ ಒಬ್ಬರಿಗಾದರೂ ಕಾಯಿಲೆ ಇರುತ್ತದೆ. ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತು ಅಂತ ಮುಚ್ಚಿಡುವವರು ಇದ್ದಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟ ಕಾಯಿಲೆ ಗರ್ಭಿಣಿಯಾದಾಗ ರಕ್ತಹೀನತೆಯಾಗಿ, ಗರ್ಭಪಾತವಾಗಿ ಎದುರಿಗೆ ಬರಬಹುದು. ಗೊತ್ತಿದ್ದು ಪಥ್ಯ ಮಾಡಿದವರು ಎಲ್ಲರ ಹಾಗೆ ಮಕ್ಕಳು ಮರಿಯೊಂದಿಗೆ ಚೆನ್ನಾಗಿದ್ದಾರೆ. ಒಂದು ಸಲದ ನಾರ್ಮಲ್ ರಿಪೋರ್ಟಿಗೆ ಮನೆಯವರ ಕೆಲಸ ಮುಗಿಯುವುದಿಲ್ಲ, ಕಾಯಿಲೆ ಯಾವ ವಯಸ್ಸಿನಲ್ಲೂ ಶುರುವಾಗಬಹುದು. ಮಕ್ಕಳಿಗೆ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ನೋಡಿಸಿ. ಪ್ರತಿ ಸಲ ಸೂಜಿ ಚುಚ್ಚಿಸಬೇಕಲ್ಲ ಅನ್ನಿಸಿದರೆ ಜೀನ್ ಪರೀಕ್ಷೆ ಮಾಡಿಸಬಹುದು. ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲದ ಮಗುವಿಗೆ ಮತ್ತೆ ಮತ್ತೆ ರಕ್ತ ತೆಗೆಸುವ ಅಗತ್ಯವಿಲ್ಲ.